ರೆಫರೆನ್ಸಿಗೊಂದು ಕನ್ನಡ ಸಾಲು: ನನ್ನ ಅನುಭವ

ಹೋದ ತಿಂಗಳು ನನ್ನ ವೈದ್ಯಕೀಯ ಪೇಪರಿನ ಪ್ರೂಫ್ (ಅಚ್ಚಿಗೆ ಮೊದಲು ನೋಡಿ ತಿದ್ದಲು ಜರ್ನಲ್ ಕಳಿಸುವ ಪ್ರತಿ) ಬಂತು. ಒಟ್ಟು 41 ರೆಫರೆನ್ಸ್, ಅಂದರೆ ನನ್ನ ಮಾತಿಗೆ ಆಧಾರವಾಗಿ ನಂಬರ್ ಹಾಕಿ ತೋರಿಸಿದ ಪೇಪರು, ವರದಿಗಳು. ಪ್ರತಿ ಸಲ ಪ್ರೂಫ್ ಜೊತೆಗೆ ಹತ್ತು ಹದಿನೈದು ಪ್ರಶ್ನೆ ಬರುತ್ತಿದ್ದವು. ಈ ಸಲ ರೆಫರೆನ್ಸ್ ಬಗ್ಗೆ ಒಂದೂ ಇರಲಿಲ್ಲ. ಪಕ್ಕದ ಟೇಬಲ್ಲಿನ ಸಹೋದ್ಯೋಗಿಗೆ ಸ್ಕ್ರೀನ್ ತಿರುಗಿಸಿ ತೋರಿಸಿದೆ. "ಏನ್ ಮೇಡಂ, ಸ್ಕೂಲ್ ಮಕ್ಕಳ ಥರ ನೋಟ್‌ಬುಕ್ಕಲ್ಲಿ ಬರ್ಕೊಂಡು ಕೂತಿದೀರಾ" ಅಂತ, ಪ್ರತಿ ರೆಫರೆನ್ಸಿಗೂ ಕನ್ನಡದಲ್ಲಿ ಸಾಲು ಬರೆದಿಡುವ ನನ್ನನ್ನು ನೋಡಿ ಎರಡು ವರ್ಷ ನಕ್ಕವರು ಅವರೇ. ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ರೆಫರೆನ್ಸಿಗೆ ನಂಬರ್ ಕೊಡುವ ವ್ಯಾಂಕೂವರ್ ಸ್ಟೈಲು, ಆರು ಲೇಖಕರ ಹೆಸರಾದ ಮೇಲೆ 'ಎಟ್ ಆಲ್' (ಮತ್ತಿತರರು), ಜರ್ನಲ್ಲಿನ ಹ್ರಸ್ವ ಹೆಸರು, ಇವೆಲ್ಲದರ ಬಗ್ಗೆ ಇಲ್ಲಿ ಹೇಳುತ್ತಿಲ್ಲ. ನನಗೆ ಪೆಟ್ಟು ಬಿದ್ದದ್ದು ಬೇರೆ ಕಡೆ.

ನನ್ನ ಎಂಡಿ ಥೀಸಿಸ್ ಗರ್ಭಿಣಿಯರ ರಕ್ತಹೀನತೆ ಮೇಲೆ. ನೂರಹತ್ತೋ ಏನೋ ರೆಫರೆನ್ಸ್, ನಂಬರುಗಳನ್ನೆಲ್ಲ ಕೈಯಲ್ಲೇ ಟೈಪ್ ಮಾಡಿದ್ದೆ. ಬೈಂಡಿಂಗಿಗೆ ಕೊಡುವ ಹಿಂದಿನ ಸಂಜೆ ಗೈಡ್ ಸರ್, "14ನೇದು ಬೇಡಮ್ಮ, ತೆಗೆದುಬಿಡು" ಅಂದರು. ತೆಗೆದೆ. ಅದರ ನಂತರದ ಅಷ್ಟೂ ನಂಬರು ಒಂದೊಂದು ಕಡಿಮೆಯಾಗಬೇಕು. ಬೆಳಗಿನ ಜಾವ ಮೂರರ ತನಕ ತಿದ್ದಿದೆ. ನಾಲ್ಕು ಕಾಪಿ ಗಟ್ಟಿ ರಟ್ಟು ಹಾಕಿಸಿ ತಂದು ತೆಗೆದು ನೋಡಿದರೆ, ಕಬ್ಬಿಣದ ಮಾತ್ರೆಯ ವಾಕ್ಯಕ್ಕೆ ಮಲೇರಿಯಾ ಪೇಪರಿನ ನಂಬರ್ ಕೂತಿದೆ! ಮತ್ತೆ ಪ್ರಿಂಟು, ಮತ್ತೆ ಬೈಂಡಿಂಗು. ಸುಮಾರು ನಾಲ್ಕೂವರೆ ಸಾವಿರ ಹೋಯಿತು, ಅದೂ ಸ್ಟೈಪೆಂಡ್ ತಡವಾಗಿದ್ದ ತಿಂಗಳಲ್ಲಿ.

ಆಮೇಲೆ ಝೊಟೆರೊಗೆ ಬಂದೆ, ರೆಫರೆನ್ಸ್ ಜೋಡಿಸಿ ತಾನೇ ನಂಬರ್ ಹಾಕುವ ಸಾಫ್ಟ್‌ವೇರ್ ಅದು. ನಂಬರಿನ ಗೋಳು ಮುಗಿಯಿತು, ಸುಳ್ಳಿನ ಗೋಳು ಮುಗಿಯಲಿಲ್ಲ. "ಭಾರತದ ಗರ್ಭಿಣಿಯರಲ್ಲಿ 57% ರಕ್ತಹೀನತೆ" ಎಂದು ಬರೆದು, ಬೇರೆಯವರ ಪೇಪರುಗಳನ್ನು ಸೇರಿಸಿ ಬರೆದ ಒಂದು ರಿವ್ಯೂ ಲೇಖನದ ನಂಬರ್ ಹಾಕಿದ್ದೆ. ಜರ್ನಲ್ಲಿಗಾಗಿ ಪೇಪರ್ ಪರಿಶೀಲಿಸುವ ರಿವ್ಯೂವರ್ ಒಂದೇ ಸಾಲು ಕೇಳಿದರು: ಮೂಲ ನೋಡಿದ್ದೀರಾ? ನೋಡಿರಲಿಲ್ಲ. ಎನ್‌ಎಫ್‌ಎಚ್‌ಎಸ್-5 (ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ) ತೆಗೆದರೆ, 57 ಎಂಬುದು 15ರಿಂದ 49 ವರ್ಷದ ಎಲ್ಲಾ ಹೆಂಗಸರ ಲೆಕ್ಕ. ಗರ್ಭಿಣಿಯರದು 52.2. ಯಾರೋ ಬೆರೆಸಿದ್ದಾರೆ, ಇನ್ಯಾರೋ ಎತ್ತಿಕೊಂಡಿದ್ದಾರೆ, ಅವರಿಂದ ನಾನು ಎತ್ತಿಕೊಂಡಿದ್ದೇನೆ. ಪೇಪರ್ ವಾಪಸ್ ಬಂತು. ನನ್ನದು ಸಣ್ಣ ತಪ್ಪು ಅನ್ನಿ. 1980ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಐದೇ ವಾಕ್ಯದ ಒಂದು ಪತ್ರ ಬಂದಿತ್ತು. ಆಸ್ಪತ್ರೆಯಲ್ಲಿ ದಾಖಲಾಗಿ ನಾರ್ಕೋಟಿಕ್ (ಅಫೀಮು ಜಾತಿಯ ನೋವಿನ ಮದ್ದು) ಪಡೆದ 11,882 ರೋಗಿಗಳಲ್ಲಿ ನಾಲ್ವರಿಗಷ್ಟೇ ಚಟ ಹತ್ತಿದ್ದು ಕಂಡಿತು ಎಂದು. 2017ರಲ್ಲಿ ಕೆನಡಾದವರು ಎಣಿಸಿದಾಗ ಅದನ್ನು 608 ಸಲ ಉಲ್ಲೇಖಿಸಿದ್ದರು. ಉಲ್ಲೇಖಿಸಿದ ಹತ್ತರಲ್ಲಿ ಎಂಟು ಲೇಖನಗಳು, ಆ ರೋಗಿಗಳು ಆಸ್ಪತ್ರೆಯಲ್ಲಿ ದಾಖಲಾಗಿದ್ದವರು ಅನ್ನುವುದನ್ನೇ ಹೇಳಿರಲಿಲ್ಲ. ಅದೇ ಜಾತಿಯ ಮದ್ದುಗಳ (ಓಪಿಯಾಯ್ಡ್) ಚಟ ಮುಂದೆ ಅಮೆರಿಕದಲ್ಲಿ ದೊಡ್ಡ ಪಿಡುಗಾಯಿತು.

ನನ್ನ ಪದ್ಧತಿ ಸರಳ. ಪಿಎಂಐಡಿ (ಪಬ್‌ಮೆಡ್ ಎಂಬ ವೈದ್ಯಕೀಯ ಲೇಖನಗಳ ಸೂಚಿಯಲ್ಲಿ ಪ್ರತಿ ಪೇಪರಿಗೂ ಇರುವ ಸಂಖ್ಯೆ) ಹಾಕಿ ಝೊಟೆರೊಗೆ ಸೇರಿಸುತ್ತೇನೆ. ಪೂರ್ತಿ ಪೇಪರ್ ತೆರೆದು, ನನಗೆ ಬೇಕಾದ ಮಾತು ಯಾವ ಟೇಬಲ್ಲಿನಲ್ಲಿದೆ ಎಂದು ಹುಡುಕುತ್ತೇನೆ. ನೋಟ್‌ಬುಕ್ಕಿನಲ್ಲಿ ಅದನ್ನು ಒಂದೆರಡು ಸಾಲು ಕನ್ನಡದಲ್ಲಿ ಬರೆಯುತ್ತೇನೆ. ಸಾಲು ಬರೆಯದೆ ನಂಬರ್ ಹಾಕುವ ಹಾಗಿಲ್ಲ. ಒಂದು ಪುಟದಲ್ಲಿ ಹೀಗಿದೆ: "ಎನ್‌ಎಫ್‌ಎಚ್‌ಎಸ್-5, 2019–21. ಗರ್ಭಿಣಿಯರು, ಹೀಮೋಗ್ಲೋಬಿನ್ 11ಕ್ಕಿಂತ ಕೆಳಗೆ, ನೂರಕ್ಕೆ 52. ಎಲ್ಲಾ ಹೆಂಗಸರದು 57. ಬೆರೆಸಬೇಡ ಮಾರಾಯ್ತಿ."

ಕನ್ನಡ ಯಾಕೆ? ಇಂಗ್ಲಿಷಿನಲ್ಲಿ 'ಅಸೋಸಿಯೇಟೆಡ್ ವಿತ್' ಅಂತ ಗೀಚಿದರೆ ಏನೂ ಯೋಚಿಸಬೇಕಿಲ್ಲ, ಕೈ ತಾನೇ ಓಡುತ್ತದೆ. ಕನ್ನಡದಲ್ಲಿ ಬರೆಯಲು ಕೂತರೆ 'ಇದರಿಂದ ಅದಾಯಿತು' ಅನ್ನಬೇಕೋ, 'ಇದ್ದಲ್ಲಿ ಅದೂ ಕಂಡಿತು' ಅನ್ನಬೇಕೋ ಅಂತ ಪೆನ್ನು ನಿಲ್ಲುತ್ತದೆ. ಅಲ್ಲೇ ಅರ್ಧ ತಪ್ಪು ಸಿಕ್ಕಿಬೀಳುತ್ತದೆ. ಇನ್ನೊಂದು ಲಾಭ ನಾನು ನೆನೆಸಿರಲಿಲ್ಲ. ಡ್ರಾಫ್ಟನ್ನು ಈ ಸಾಲುಗಳನ್ನು ನೋಡಿ ಬರೆಯುವುದರಿಂದ ಮೂಲದ ಇಂಗ್ಲಿಷ್ ವಾಕ್ಯ ನುಸುಳುವುದಿಲ್ಲ. ನೂರಕ್ಕೆ ಇಪ್ಪತ್ತರ ಮೇಲಿರುತ್ತಿದ್ದ ಸಿಮಿಲಾರಿಟಿ (ಬೇರೆಯವರ ಬರಹಕ್ಕೆ ಹೋಲುವ ಭಾಗದ ಲೆಕ್ಕ) ಏಳೆಂಟಕ್ಕೆ ಇಳಿಯಿತು.

ಟೈಮ್ ಹಿಡಿಯುತ್ತದೆ, ಇಲ್ಲ ಅನ್ನಲ್ಲ. ಒಂದಕ್ಕೆ ಇಪ್ಪತ್ತು ನಿಮಿಷ. ಈ ಪೇಪರಿಗೆ ಅರವತ್ತು ಚಿಲ್ಲರೆಯಲ್ಲಿ ಶುರು ಮಾಡಿದ್ದು, ಸುಮಾರು ಇಪ್ಪತ್ತು ಉದುರಿಹೋದವು. ನಾನು ಅಂದುಕೊಂಡ ಮಾತು ಅವುಗಳಲ್ಲಿ ಇರಲೇ ಇಲ್ಲ. ಪಿಡಿಎಫ್ ಸಿಗದ ಕಡೆ ಮೂರ್ನಾಲ್ಕು ಸಾವಿರ ಕೊಡುವ ಬದಲು ಲೇಖಕರಿಗೇ ಮೇಲ್ ಹಾಕುತ್ತೇನೆ, ಹೆಚ್ಚಿನವರು ಕಳಿಸುತ್ತಾರೆ. ಸಬ್ಜೆಕ್ಟ್ ಲೈನಿನಲ್ಲಿ ಏನು ಬರೆಯುತ್ತೇನೆ ಅಂತ ಮಾತ್ರ ಹೇಳಲ್ಲ.

ಎನ್‌ಎಫ್‌ಎಚ್‌ಎಸ್ ಥರದ ವರದಿಗೆ ಪಿಎಂಐಡಿ ಇರಲ್ಲ, ಕೈಯಲ್ಲೇ ತುಂಬಿ. ವರದಿ ಬರೆದ ಸಂಸ್ಥೆಯ ಹೆಸರನ್ನು ಲೇಖಕರ ಜಾಗದಲ್ಲಿ ಒಂದೇ ಫೀಲ್ಡ್ (ಖಾನೆ) ಮಾಡಿ ಹಾಕಿ. ಇಲ್ಲದಿದ್ದರೆ ಕೊನೆಯ ಪದ ಸರ್‌ನೇಮ್ ಆಗಿ ಉಳಿದದ್ದು ಇನಿಷಿಯಲ್ ಆಗುತ್ತದೆ. ನಮ್ಮ ಹೆಸರುಗಳ ಪಾಡೂ ಅದೇ. ನನ್ನ ಇನಿಷಿಯಲ್ಲಿನ ಮೊದಲ ಅಕ್ಷರ ಊರಿನದು. ಒಂದು ಜರ್ನಲ್ ಅದನ್ನು ಬಿಡಿಸಿ ಬರೆಸಿ ಕೊನೆಗೆ ಹಾಕಿತು. ಈಗ ಆ ಪೇಪರಿನ ಲೇಖಕಿ ನಮ್ಮ ಊರು!

ಸುಮ್ನೆ ಎರಡು ಪ್ರಯೋಗವನ್ನೂ ಮಾಡಿದೆ. ಎಐ ಚಾಟ್‌ಬಾಟಿಗೆ ಹತ್ತು ರೆಫರೆನ್ಸ್ ಕೇಳಿ ಒಂದೊಂದನ್ನೂ ಪಬ್‌ಮೆಡ್‌ನಲ್ಲಿ ಹುಡುಕಿದೆ. ನಾಲ್ಕೋ ಐದೋ ಹುಟ್ಟೇ ಇರಲಿಲ್ಲ. ಒಂದರ ಪಿಎಂಐಡಿ ಒತ್ತಿದರೆ ಹಲ್ಲಿನ ಪೇಪರ್ ತೆರೆಯಿತು. ಇನ್ನೊಂದು ಪ್ರಯೋಗ: ದಡಾರದ ಎಂಎಂಆರ್ ಲಸಿಕೆಯನ್ನು ಆಟಿಸಂಗೆ ಗಂಟುಹಾಕಿದ್ದ, 1998ರಲ್ಲಿ ಲ್ಯಾನ್ಸೆಟ್ ಜರ್ನಲ್ಲಿನಲ್ಲಿ ಬಂದ ಪೇಪರನ್ನು ಬೇಕಂತಲೇ ಝೊಟೆರೊಗೆ ಹಾಕಿದೆ. 2010ರಲ್ಲಿ ಜರ್ನಲ್ಲೇ ವಾಪಸ್ ಪಡೆದದ್ದು, ಝೊಟೆರೊ ಹಿಡಿಯುತ್ತದೋ ನೋಡೋಣ ಅಂತ. ಮೇಲೆ ಕೆಂಪು ಪಟ್ಟಿ ಬಂತು. ಸಮಾಧಾನವಾಯಿತು.

ನೋಟ್‌ಬುಕ್ಕು ನಿಜಕ್ಕೂ ಕೈಹಿಡಿದದ್ದು ಸಬ್ಮಿಷನ್ನಿನ ಹಿಂದಿನ ದಿನ. ಸಹಲೇಖಕರೊಬ್ಬರು ಫೈಲನ್ನು ಫೋನಿನಲ್ಲಿ ತೆರೆದು, ಒಂದು ಕಾಮಾ ತಿದ್ದಿ, ಸೇವ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿದರು. ಝೊಟೆರೊ ಕೊಂಡಿಗಳೆಲ್ಲ ಕಳಚಿ ಬರೀ ನಂಬರಾಗಿದ್ದವು. ನನ್ನ ಬಳಿ ಉಳಿದಿದ್ದ ಹಳೇ ಫೈಲಿನಲ್ಲಿ ಚರ್ಚೆಯ ಭಾಗವೇ ಇರಲಿಲ್ಲ. ನೋಟ್‌ಬುಕ್ ತೆರೆದಿಟ್ಟುಕೊಂಡು ಯಾವ ವಾಕ್ಯಕ್ಕೆ ಯಾವುದು ಅಂತ ನೋಡಿ 41ನ್ನೂ ಮತ್ತೆ ಪೋಣಿಸಿದೆ. ರಾತ್ರಿ ಊಟದ ಹೊತ್ತಿಗೆ ಮುಗಿದಿತ್ತು. ಈಗ ಸಹಲೇಖಕರಿಗೆ ಪಿಡಿಎಫ್ ಮಾತ್ರ ಕಳಿಸುತ್ತೇನೆ. ಕಾಮಾ ಇದ್ದರೆ ಫೋನ್ ಮಾಡಿ ಹೇಳಲಿ.