ಮುರಕಲ್ಲು ನೆನೆದಾಗ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಹೊಟ್ಟೆಪಾಡು ಮದುವೆ, ಉಪನಯನ, ಗೃಹಪ್ರವೇಶಗಳ ಮೇಲೆ. ಮೇ ತಿಂಗಳ ಕೊನೆಯ ಮುಹೂರ್ತ ಮುಗಿದು ಮಳೆ ಹಿಡಿಯಿತೆಂದರೆ ನಮ್ಮ ಕಸುಬಿನವರಿಗೆ ಜಗಲಿಯಲ್ಲಿ ಕೂತು ಮಳೆ ಎಣಿಸುವ ಕಾಲ. ಕೋಟೆ, ದೇವಸ್ಥಾನ, ಹಳೆಯ ಮನೆಗಳ ಚಿತ್ರ ತೆಗೆಯಲು ನಾನು ಆರಿಸಿಕೊಂಡದ್ದು ಮಳೆ ಹಿಡಿದ ಆ ಎರಡು ತಿಂಗಳನ್ನು. ಆರಿಸಿಕೊಂಡೆ ಎನ್ನುವುದೂ ಸ್ವಲ್ಪ ಜಂಬದ ಮಾತೇ. ಬೇರೆ ಬಿಡುವು ಇರಲಿಲ್ಲ.

ಅದಕ್ಕೆ ಮೊದಲು ಒಮ್ಮೆ ಜನವರಿಯಲ್ಲಿ ಬೆಂಗಳೂರಿನ ನೆಂಟರೊಂದಿಗೆ ಬೇಕಲ ಕೋಟೆಗೆ ಹೋಗಿದ್ದೆ. ಬೆಳಗ್ಗೆ ಹನ್ನೊಂದು ಗಂಟೆ, ನಿರ್ಮಲವಾದ ಆಕಾಶ, ನೀಲಿ ಕಡಲು. ಸುಮಾರು ಇನ್ನೂರು ಚಿತ್ರ ತೆಗೆದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದರೆ ಗೋಡೆಗಳೆಲ್ಲ ಇಟ್ಟಿಗೆ ಪುಡಿ ಎರಚಿದ ಹಾಗೆ, ಬಣ್ಣವೂ ಇಲ್ಲ, ಮೈಯೂ ಇಲ್ಲ. ಮದುಮಗಳ ಸೀರೆಯ ಜರಿಯನ್ನು ಎಳೆ ಎಳೆಯಾಗಿ ತೋರಿಸುವ ಅದೇ ಕ್ಯಾಮೆರಾ, ಅದೇ ಲೆನ್ಸ್. ಕೆಳದಿಯ ಶಿವಪ್ಪ ನಾಯಕನ ಕಾಲದಲ್ಲಿ, 1650ರ ಸುಮಾರಿಗೆ, ನಲವತ್ತು ಎಕರೆಯಷ್ಟು ಜಾಗದಲ್ಲಿ ಕಟ್ಟಿದ ಕೋಟೆ ನನ್ನ ಚಿತ್ರದಲ್ಲಿ ಮೊನ್ನೆ ಮೊನ್ನೆ ಕಟ್ಟಿದ ಕಾಂಪೌಂಡಿನಂತೆ ಕಾಣುತ್ತಿತ್ತು.

ಜೂನ್ ಕೊನೆಯಲ್ಲಿ ಮತ್ತೆ ಹೋದೆ. ದಾರಿಯಲ್ಲೇ ಮಳೆ ಸುರಿದು ನಿಂತಿತ್ತು. ಒಳಗೆ ಕಾಲಿಟ್ಟರೆ ಬೇರೆಯೇ ಕೋಟೆ. ಒಣಗಿದಾಗ ಮಾಸಲು ಕಿತ್ತಳೆಯಾಗಿದ್ದ ಕಲ್ಲು ಈಗ ಎಲೆಯಡಿಕೆ ಜಗಿದ ಬಾಯಿಯಂತೆ ಕೆಂಪಾಗಿ, ಸಂದುಗಳಲ್ಲಿ ಕಪ್ಪಾಗಿ, ಪಾಚಿ ಹಿಡಿದಲ್ಲಿ ಗಿಳಿಹಸಿರಾಗಿ ನಿಂತಿತ್ತು. ಈ ಮುರಕಲ್ಲಿನ, ಅಂದರೆ ಲ್ಯಾಟರೈಟಿನ, ಮೈ ತುಂಬ ತೂತು. ಒಣಗಿದಾಗ ಆ ತೂತುಗಳು, ಮೇಲಿನ ಧೂಳು ಎಲ್ಲ ಸೇರಿ ಬೆಳಕನ್ನು ಕಂಡ ಕಡೆಗೆ ಚೆದುರಿಸುತ್ತವೆ. ನೀರು ಇಳಿದಾಗ ಚೆದುರುವುದು ಕಡಿಮೆಯಾಗಿ, ಕಲ್ಲಿನೊಳಗಿನ ಕಬ್ಬಿಣದ ಅಂಶದ ಬಣ್ಣ ಹೊರಗೆ ಬರುತ್ತದೆ. ಇದನ್ನು ನಾನು ಆಮೇಲೆ ತಿಳಿದುಕೊಂಡೆ. ಆ ದಿನ ತಿಳಿದದ್ದು ಇಷ್ಟೇ: ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಊರಿನ ಕಲ್ಲನ್ನು ಒಣಗಿಸಿಕೊಂಡು ನೋಡುತ್ತಿದ್ದೆ.

ಒದ್ದೆ ಕಲ್ಲಿಗೆ ಕ್ಯಾಮೆರಾವನ್ನು ಒಗ್ಗಿಸಲು ಸ್ವಲ್ಪ ಸಮಯ ಹಿಡಿಯಿತು. ಕಪ್ಪಾದ ಗೋಡೆ ಕಂಡರೆ ಕ್ಯಾಮೆರಾ ತಾನಾಗಿಯೇ ಬೆಳಕು ಹೆಚ್ಚಿಸಿ ಎಲ್ಲವನ್ನೂ ಬೂದು ಮಾಡಿಬಿಡುತ್ತದೆ. ಹಾಗಾಗಿ ಎಕ್ಸ್‌ಪೋಶರ್ ಅನ್ನು ಮೈನಸ್ 0.7ಕ್ಕೆ ಇಳಿಸಿಯೇ ಶುರು ಮಾಡುತ್ತೇನೆ. ವೈಟ್ ಬ್ಯಾಲೆನ್ಸ್ ಆಟೋದಲ್ಲಿಟ್ಟರೆ ‘ಇಷ್ಟು ಕೆಂಪು ಇರಲಾರದು’ ಎಂದು ಅದೇ ತೀರ್ಮಾನಿಸಿ ನೀಲಿ ಬೆರೆಸುತ್ತದೆ. ಮೋಡದ ದಿನ 6000 ಕೆಲ್ವಿನ್‌ಗೆ ನಿಲ್ಲಿಸಿ ಮತ್ತೆ ಮುಟ್ಟುವುದಿಲ್ಲ. ಇನ್ನೊಂದು ತೊಂದರೆ ಹೊಳಪಿನದು: ನೆನೆದ ಕಲ್ಲಿನ ಮೇಲೆ ಬಿಳಿ ಆಕಾಶ ಎಣ್ಣೆ ಸವರಿದಂತೆ ಮಿಂಚುತ್ತದೆ. ಪೋಲರೈಸರ್ ಫಿಲ್ಟರನ್ನು ತಿರುಗಿಸಿದರೆ ಮಿಂಚು ಮಾಯವಾಗಿ ಬಣ್ಣ ಇಳಿದು ಕೂರುತ್ತದೆ. ಆದರೆ ಪೂರ್ತಿ ತಿರುಗಿಸಿದರೆ ಕಲ್ಲು ಒದ್ದೆಯೆಂಬುದೇ ತಿಳಿಯುವುದಿಲ್ಲ. ಅರ್ಧಕ್ಕೆ ನಿಲ್ಲಿಸುತ್ತೇನೆ.

ಬೇಕಲದಲ್ಲಿ ಟ್ರೈಪಾಡ್ ಒಳಗೆ ಒಯ್ಯಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ನಾನು ಅದರ ಗೊಡವೆಗೆ ಹೋಗದೆ ಬುರುಜಿನ ಕಟ್ಟೆಯ ಮೇಲೆ ಅಕ್ಕಿ ತುಂಬಿದ ಬಟ್ಟೆಯ ಚೀಲವಿಟ್ಟು ಅದರ ಮೇಲೆ ಕ್ಯಾಮೆರಾ ಕೂರಿಸುತ್ತೇನೆ. ಸೂರ್ಯ ಮುಳುಗುವ ತನಕ ಒಳಗೆ ನಿಲ್ಲಲು ಬಿಡುವುದೂ ಇಲ್ಲ. ಸಂಜೆಯ ಚಿತ್ರ ಬೇಕಿದ್ದವರು ಪಳ್ಳಿಕ್ಕರೆಯ ಕಡಲತೀರಕ್ಕೆ ಇಳಿದು, ಕೋಟೆಯನ್ನು ದೂರದಿಂದ ಕಪ್ಪು ಗೆರೆಯಾಗಿ ಹಿಡಿಯುವುದು ಒಳ್ಳೆಯದು. ಉಪ್ಪು ಗಾಳಿ ಲೆನ್ಸಿನ ಮೇಲೆ ಪೊರೆ ಕಟ್ಟುತ್ತದೆ. ಒಣ ಬಟ್ಟೆಯಿಂದ ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ತೇವದ ಬಟ್ಟೆಯಲ್ಲಿ ಒತ್ತಿ, ಆಮೇಲೆ ಒರೆಸಬೇಕು.

ಬಿಸಿಲಿನಲ್ಲಿ ಮುರಕಲ್ಲನ್ನು ತೆಗೆಯಲೇಬಾರದು ಎಂದೇನೂ ಇಲ್ಲ. ಒಂದು ಏಪ್ರಿಲ್ ಕೊನೆಯಲ್ಲಿ ಬೇಕಲದ ಹತ್ತಿರವೇ ಮದುವೆಯಿತ್ತು. ಮುಹೂರ್ತ ಮುಗಿದು, ಮದುಮಕ್ಕಳು ಊಟಕ್ಕೆ ಕೂರಲು ಇನ್ನೂ ಒಂದು ಗಂಟೆ ಇದೆ ಎಂದಾಗ ಸಹಾಯಕನನ್ನು ಅಲ್ಲೇ ಬಿಟ್ಟು ಕೋಟೆಗೆ ಓಡಿದೆ. ನಡು ಮಧ್ಯಾಹ್ನ ಯಾರೂ ಕಟ್ಟಡದ ಚಿತ್ರ ತೆಗೆಯುವುದಿಲ್ಲ, ಪುಸ್ತಕಗಳೆಲ್ಲ ಬೇಡವೆನ್ನುತ್ತವೆ. ಆದರೆ ನಾವಿರುವುದು ಹನ್ನೆರಡೂವರೆ ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಮೂರನೆಯ ವಾರ ಕಳೆಯುವ ಹೊತ್ತಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ಅದೂ ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಹೊತ್ತಿಗೆ. ಅಲ್ಲಿಂದ ಹತ್ತು ನಿಮಿಷದೊಳಗೆ ಕಡಲಿಗೆ ಮುಖ ಮಾಡಿದ ಗೋಡೆಯನ್ನು ಬಿಸಿಲು ಮೇಲಿನಿಂದ ಕೆರೆದುಕೊಂಡು ಇಳಿಯತೊಡಗಿತು. ಗೋಡೆಯ ಒಂದೊಂದು ತೂತಿಗೂ ಒಂದೊಂದು ನೆರಳು. ಕಲ್ಲನ್ನು ಕಡಿದ ಉಳಿಯ ಏಟುಗಳು ಓರೆಗೆರೆಗಳಾಗಿ ಎದ್ದು ಬಂದವು. ಈಗಿನ ಪಣೆಗಳಲ್ಲಿ, ಅಂದರೆ ಕಲ್ಲುಕೋರೆಗಳಲ್ಲಿ, ಯಂತ್ರ ಕೊಯ್ದ ಕಲ್ಲಿಗೆ ಚಕ್ರದ ಕಮಾನು ಗೆರೆ ಬಿದ್ದಿರುತ್ತದೆ, ಕೈ ಕೆಲಸದ ಕಲ್ಲಿಗೆ ಒಂದೊಂದಕ್ಕೂ ಬೇರೆ ಓರೆ. ದುರಸ್ತಿಯಲ್ಲಿ ಸೇರಿದ ಹೊಸ ಕಲ್ಲು ಯಾವುದು, ಹಳೆಯದು ಯಾವುದು ಎಂದು ಆ ಬೆಳಕಿನಲ್ಲಿ ಬೆರಳಿಟ್ಟು ತೋರಿಸಬಹುದು. ಇಪ್ಪತ್ತು ನಿಮಿಷದಲ್ಲಿ ಆಟ ಮುಗಿಯಿತು. ಮದುವೆ ಮನೆಗೆ ತಲುಪುವಾಗ ಎರಡನೆಯ ಪಂಕ್ತಿ ಎದ್ದಿತ್ತು. ಸಹಾಯಕನ ಮುಖ ನೋಡುವಂತಿರಲಿಲ್ಲ.

ಚಂದ್ರಗಿರಿ ಕೋಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ನೋಡಬೇಕಾದ್ದು ಕೋಟೆಗಿಂತ ಕೆಳಗಿನ ಹೊಳೆ.

ಕುಂಬಳೆಯಿಂದ ಅನಂತಪುರಕ್ಕೆ ಹೋಗುವವರು ಒಂದು ವಿಷಯ ಗಮನಿಸಬೇಕು. ಬಟಾಬಯಲಾದ ಕಲ್ಲು ಪದವಿನ ಮೇಲೆ ಬರುತ್ತಾ ಇರುತ್ತೇವೆ, ದೇವಸ್ಥಾನ ಕಾಣುವುದೇ ಇಲ್ಲ. ಅದು ಕಲ್ಲನ್ನು ತೋಡಿದ ತಗ್ಗಿನಲ್ಲಿ, ಸುಮಾರು ಎರಡು ಎಕರೆಯ ಕೆರೆಯ ನಡುವೆ ಇದೆ. ತಿರುವನಂತಪುರದ ಅನಂತಪದ್ಮನಾಭನ ಮೂಲಸ್ಥಾನ ಇದೆಂಬ ನಂಬಿಕೆ. ಸಾಮಾನ್ಯವಾಗಿ ದೇವಸ್ಥಾನವನ್ನು ತಲೆ ಎತ್ತಿ ನೋಡುತ್ತೇವೆ, ಇಲ್ಲಿ ಮಾಡಿನ (ಸೂರಿನ) ಮೇಲ್ಭಾಗವನ್ನು ಮೊದಲು ನೋಡಿ ಆಮೇಲೆ ಇಳಿಯುತ್ತೇವೆ. ಹೀಗಾಗಿ ನನ್ನ ಮೆಚ್ಚಿನ ಚಿತ್ರ ಕೆಳಗಿನದ್ದಲ್ಲ, ಮೇಲಿನ ದಂಡೆಯದು: ಮುಂದೆ ಕಪ್ಪು ಪಾದೆ, ಅದರ ಅಂಚಿನಲ್ಲಿ ಥಟ್ಟನೆ ಹಸಿರು ನೀರು, ನೀರಿನಲ್ಲಿ ಗುಡಿ. ಪ್ರತಿಬಿಂಬ ಬೇಕಿದ್ದರೆ ಎರಡು ಮಳೆಗಳ ನಡುವಿನ ಬಿಡುವು ಹಿಡಿಯಬೇಕು. ಒಂದು ಹನಿ ಬಿದ್ದರೂ ಗುಡಿ ಒಡೆದು ಚೂರಾಗುತ್ತದೆ. ಒಮ್ಮೆ ಹೀಗೆ ಕೊಡೆ ಹಿಡಿದು ಮುಕ್ಕಾಲು ಗಂಟೆ ಕಾದಿದ್ದೆ. ಪಕ್ಕದಲ್ಲಿ ಬಂದು ನಿಂತ ಹಿರಿಯರೊಬ್ಬರು, “ಬಬಿಯನಿಗೆ ಕಾಯುತ್ತಿದ್ದೀರಾ? ಅದು ಹೋಯಿತಲ್ಲ ಮಾರಾಯರೇ” ಎಂದರು. ಕೆರೆಯ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಕೊಂಡದ್ದು ನನಗೆ ಗೊತ್ತಿತ್ತು. ಮಳೆ ನಿಲ್ಲಲು ಕಾಯುತ್ತಿದ್ದೇನೆ ಎಂದರೆ ಅವರಿಗೆ ನಂಬಿಕೆಯಾಗಲಿಲ್ಲ.

ಮಧೂರಿನ ದೇವಸ್ಥಾನದಲ್ಲಿ ನಾನು ಮಾಡಿದ ತಪ್ಪು ಎಲ್ಲರೂ ಮಾಡುವಂಥದ್ದು. ಎದುರು ನಿಂತು, ಕ್ಯಾಮೆರಾ ಎತ್ತಿ, ಮೂರು ಅಂತಸ್ತಿನ ಮಾಡನ್ನು ಹಿಡಿದೆ. ಕ್ಯಾಮೆರಾ ಮೇಲಕ್ಕೆ ವಾಲಿದ್ದರಿಂದ ಗುಡಿಯೇ ಹಿಂದಕ್ಕೆ ಮಲಗಿದಂತೆ ಬಂತು. ಕಂಪ್ಯೂಟರಿನಲ್ಲಿ ನೆಟ್ಟಗೆ ಮಾಡಿದರೆ ಎರಡೂ ಬದಿ ಕತ್ತರಿಸಿ ಹೋಯಿತು. ಈಗ ಹೊರಗೆ ಎಷ್ಟು ಸಾಧ್ಯವೋ ಅಷ್ಟು ಹಿಂದೆ ಸರಿದು, ಕ್ಯಾಮೆರಾವನ್ನು ಮಟ್ಟವಾಗಿ ಹಿಡಿದು, ಕೆಳಗೆ ಅಂಗಳ ಜಾಸ್ತಿ ಬಂದರೂ ಬರಲಿ ಎಂದು ಬಿಡುತ್ತೇನೆ. ಮಳೆ ನಿಂತ ಅಂಗಳದಲ್ಲಿ ಹೇಗೂ ಮಾಡಿನ ಪ್ರತಿಬಿಂಬ ಬಿದ್ದಿರುತ್ತದೆ. ಅಲ್ಲದೆ ಮಧೂರಿನ ಸೊಗಸು ಎದುರಿನಲ್ಲಿಲ್ಲ. ಅದು ಗಜಪೃಷ್ಠ, ಆನೆಯ ಬೆನ್ನಿನಂತೆ ಹಿಂಬದಿ ಬಾಗಿದ ಕಟ್ಟಡ. ಆ ಬಾಗು ಓರೆಯಾಗಿ ಹಿಂದಿನಿಂದ ನೋಡಿದವರಿಗೆ ಮಾತ್ರ ಸಿಗುತ್ತದೆ. ಗರ್ಭಗುಡಿಯ ಹತ್ತಿರ ನಾನು ಕ್ಯಾಮೆರಾ ಚೀಲದಿಂದ ತೆಗೆಯುವುದಿಲ್ಲ, ಯಾರೂ ನೋಡದಿದ್ದರೂ.

ಅನುಮತಿಯ ಮಾತು ಬಂದಿತೆಂದು ಹೇಳುತ್ತೇನೆ. ಸಪ್ತಭಾಷೆಗಳ ನಾಡು ಎಂದು ವೇದಿಕೆಯಲ್ಲಿ ಹೆಮ್ಮೆಯಿಂದ ಹೇಳುವ ಮಾತು ನಮ್ಮ ಕೆಲಸದಲ್ಲಿ ದಿನನಿತ್ಯದ ಉಪಕರಣ. ಕೋಟೆಯ ಬಾಗಿಲಲ್ಲಿ ಮಲಯಾಳ, ಗುತ್ತಿನ ಮನೆಯ ಅಂಗಳದಲ್ಲಿ ತುಳು, ಅಡಿಕೆ ತೋಟದ ಭಟ್ಟರಲ್ಲಿ ಹವ್ಯಕ ಕನ್ನಡ. ತಳಂಗರೆಯ ಮಾಲಿಕ್ ದೀನಾರ್ ಮಸೀದಿಯಲ್ಲಿ ನನ್ನ ಹರಕು ಮಲಯಾಳ ಕೇಳಿ ನಕ್ಕವರೇ, ನಮಾಜು ಮುಗಿದ ಮೇಲೆ ಯಾವ ಬದಿಯಲ್ಲಿ ನಿಂತರೆ ಮಾಡು ಚೆನ್ನಾಗಿ ಕಾಣುತ್ತದೆಂದು ಕರೆದುಕೊಂಡು ಹೋಗಿ ತೋರಿಸಿದರು. ಇಳಿಜಾರು ಮಾಡು, ಮರದ ಕೆಲಸ, ತೆಂಗಿನ ಸಾಲು: ಇಲ್ಲಿನ ಮಸೀದಿಗೂ ದೇವಸ್ಥಾನಕ್ಕೂ ಬಡಗಿಯ ಮತ್ತು ಮಳೆಯ ಸಂಬಂಧವಿದೆ ಎಂಬುದು ಎರಡು ಚಿತ್ರಗಳನ್ನು ಪಕ್ಕ ಪಕ್ಕದಲ್ಲಿಟ್ಟಾಗ ಹೊಳೆಯಿತು.

ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯವನಾಗಿ, ವೇಷ ಕಟ್ಟುವ ಚೌಕಿಯ ಮಾತು ಬಿಡುವಂತಿಲ್ಲ. ಯಕ್ಷಗಾನದ ರಂಗಸ್ಥಳವನ್ನು ಎಲ್ಲರೂ ತೆಗೆಯುತ್ತಾರೆ. ನನಗೆ ಹಿಂದಿನ ಚೌಕಿ ಇಷ್ಟ: ನಡುವೆ ದೇವರ ದೀಪ, ಎರಡೂ ಬದಿಗೆ ಪೆಟ್ಟಿಗೆಯ ಸಾಲು, ಪ್ರತಿಯೊಬ್ಬನ ಮುಂದೆ ಅಂಗೈ ಅಗಲದ ಕನ್ನಡಿ. ಬಣ್ಣದ ವೇಷಧಾರಿ ಕೆನ್ನೆಗೆ ಅಕ್ಕಿಹಿಟ್ಟಿನ ಚುಟ್ಟಿ ಇಡುವಾಗ ಉಸಿರು ಬಿಗಿ ಹಿಡಿದಿರುತ್ತಾನೆ, ಆಗ ಫ್ಲ್ಯಾಶ್ ಹೊಡೆಯುವುದು ಪಾಪ. ಟ್ಯೂಬ್‌ಲೈಟು, ಎಲ್ಇಡಿ, ದೀಪ ಮೂರೂ ಬೆರೆತ ಬೆಳಕಿನಲ್ಲಿ ಬಣ್ಣ ಸರಿಪಡಿಸುವುದು ದೇವರಿಂದಲೂ ಆಗದು. ದೀಪದ ಬೆಳಕಿಗೆ ಸರಿಹೊಂದಿಸಿ ಉಳಿದದ್ದನ್ನು ನೀಲಿಯಾಗಲು ಬಿಡುತ್ತೇನೆ.

ನನಗೆ ಹೆಚ್ಚು ಕಲಿಸಿದ್ದು ಇವೆಲ್ಲಕ್ಕಿಂತ ಸುರಂಗ. ಬಾಯಾರಿನ ಕಡೆ ಒಂದು ಹಳೆಯ ಮನೆಯ ಚಿತ್ರಕ್ಕೆ ಹೋಗಿದ್ದೆ. ಕಾವಿ ನೆಲದ ಚಾವಡಿ, ಮರದ ಮುಚ್ಚಿಗೆ, ಎಲ್ಲ ತೆಗೆದಾಯಿತು. ಮನೆಯ ಯಜಮಾನರು, ಎಪ್ಪತ್ತು ದಾಟಿದ ಭಟ್ಟರು, “ಇದೆಲ್ಲ ಎಲ್ಲರ ಮನೆಯಲ್ಲೂ ಇದೆ. ಬಾ, ನಮ್ಮ ನೀರಿನ ಮನೆ ತೋರಿಸುತ್ತೇನೆ” ಎಂದು ಗುಡ್ಡದ ಬುಡಕ್ಕೆ ಕರೆದೊಯ್ದರು. ಮುರಕಲ್ಲಿನ ಗುಡ್ಡದೊಳಗೆ ಅಡ್ಡಲಾಗಿ ಕೊರೆದ ಬಾಯಿ, ಒಬ್ಬ ಮನುಷ್ಯ ತಲೆ ತಗ್ಗಿಸಿ ನಡೆಯುವಷ್ಟೇ ಎತ್ತರ, ಎರಡೂ ಭುಜ ತಾಗುವಷ್ಟೇ ಅಗಲ. ಪಂಪು ಬೇಡ, ಹಗ್ಗ ಬೇಡ, ಗುಡ್ಡದಲ್ಲಿ ಇಂಗಿದ ಮಳೆನೀರು ತಾನಾಗಿಯೇ ಜಿನುಗಿ ಹೊರಗೆ ಹರಿಯುತ್ತದೆ. ನಮ್ಮ ಜಿಲ್ಲೆಯ ಉತ್ತರ ಭಾಗದಲ್ಲಿ ಇಂಥವು ಸಾವಿರಾರು ಇವೆ. ವಾಸ್ತುಶಿಲ್ಪವೆಂದು ಇವನ್ನು ಯಾರೂ ಕರೆಯುವುದಿಲ್ಲ. ಕೋಟೆಯಲ್ಲಿ ಕಲ್ಲನ್ನು ಕೂಡಿಸಿ ಕಟ್ಟಿದ್ದರೆ ಇಲ್ಲಿ ಕಳೆದು ಕಟ್ಟಿದ್ದಾರೆ.

ಮೊದಲು ಫ್ಲ್ಯಾಶ್ ಹೊಡೆದೆ. ಹತ್ತಿರದ ಎರಡು ಅಡಿ ಗೋಡೆ ಬೆಳ್ಳಗೆ, ಆಚೆ ಮಸಿ. ಆಮೇಲೆ ಬಾಯಿಯಲ್ಲೇ ಟ್ರೈಪಾಡ್ ನಿಲ್ಲಿಸಿ, ಐಎಸ್‌ಒ 200, ಎಫ್ 8, ಇಪ್ಪತ್ತೈದು ಸೆಕೆಂಡು. ಭಟ್ಟರ ಮೊಮ್ಮಗ ಟಾರ್ಚು ಹಿಡಿದು ಒಳಗಿನ ತಿರುವಿನ ಆಚೆ ನಿಂತ. ಬೆಳಕನ್ನು ನನ್ನತ್ತ ಬಿಡದೆ ಗೋಡೆಯ ಕಡೆಗೇ ಬಿಡಬೇಕು, ಕೈ ಅಲ್ಲಾಡಿಸುತ್ತಲೇ ಇರಬೇಕು ಎಂದು ಹೇಳಿಕೊಟ್ಟೆ. ಒಂಬತ್ತನೆಯ ಸಲ ಸರಿಬಂತು. ತಿರುವಿನ ಆಚೆಯಿಂದ ಜೇನಿನ ಬಣ್ಣದ ಬೆಳಕು ಸೋರಿ, ಪಿಕ್ಕಾಸಿನ ಒಂದೊಂದು ಕಚ್ಚನ್ನೂ ಮೀನಿನ ಪೊರೆಯಂತೆ ಎಬ್ಬಿಸಿತ್ತು. ಹಿಂದೆ ಅಗೆಯುವವರು ಒಳಗೆ ಮೇಣದ ಬತ್ತಿ ಹಚ್ಚಿಟ್ಟುಕೊಳ್ಳುತ್ತಿದ್ದರಂತೆ, ಬೆಳಕಿಗೂ ಆಯಿತು, ಅದು ಆರಿದರೆ ಉಸಿರಾಡುವ ಗಾಳಿ ಕಮ್ಮಿಯಾಯಿತೆಂದು ಹೊರಗೆ ಬರಲೂ ಆಯಿತು. ಮನೆಯವರಿಲ್ಲದೆ ಯಾರೂ ಸುರಂಗದೊಳಗೆ ಹೋಗಬಾರದು. ಇನ್ನಷ್ಟು ಒಳಗೆ ಹೋಗಿ ತೆಗೆಯುವ ಆಸೆಗೆ ಕ್ಯಾಮೆರಾ ಹಿಡಿದು ನಡೆದೆ, ತಂಪಿನಿಂದ ಹೊರಗಿನ ಸೆಕೆಗೆ ಬಂದೊಡನೆ ಲೆನ್ಸು ಪೂರ್ತಿ ಮಂಜು. ಒರೆಸಿದಷ್ಟೂ ಮತ್ತೆ. ಅರ್ಧ ಗಂಟೆ ಹಾಗೇ ಬಿಟ್ಟು, ಮನೆಗೆ ಬಂದ ಮೇಲೆ ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿಯಲ್ಲಿಟ್ಟೆ. ಹೀಗೆ ಮಾಡದೆ ಒಂದು ಮಳೆಗಾಲದಲ್ಲಿ ಒಂದು 35 ಎಂಎಂ ಲೆನ್ಸಿಗೆ ಬೂಷ್ಟು ಹಿಡಿಸಿಕೊಂಡವನು ನಾನು.

ಹದಿನೈದು ದಿನ ಬಿಟ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಭಟ್ಟರಿಗೆ ಕೊಟ್ಟೆ. ಕನ್ನಡಕ ಹಾಕಿ ತುಂಬ ಹೊತ್ತು ನೋಡಿದರು. “ಚೆಂದ ಬಂದಿದೆ,” ಎಂದರು, “ಆದರೆ ದಂಬೆ ಎಲ್ಲಿ?” ಸುರಂಗದ ಬಾಯಿಯಿಂದ ಕೆರೆಗೆ ನೀರು ಹರಿಸಲು ಸೀಳಿದ ಅಡಿಕೆ ಮರದ ದಂಬೆ ಇಟ್ಟಿದ್ದರು. ಚೌಕಟ್ಟಿನೊಳಗೆ ಅಡ್ಡ ಬರುತ್ತದೆಂದು ನಾನೇ ಅದನ್ನು ಸರಿಸಿ ಬದಿಗಿಟ್ಟು ತೆಗೆದಿದ್ದೆ. “ದಂಬೆ ಇಲ್ಲದಿದ್ದರೆ ಇದು ಮುಳ್ಳುಹಂದಿಯ ಮಾಟೆ ಅಷ್ಟೆ.”

ಮುಂದಿನ ಭಾನುವಾರ ಮತ್ತೆ ಹೋದೆ. ದಂಬೆ ಇದ್ದಲ್ಲೇ ಇತ್ತು, ಅದರ ತುದಿಗೆ ಒಂದು ನೀಲಿ ಪ್ಲಾಸ್ಟಿಕ್ ಬಕೆಟ್ ಕೂಡ. ಬಕೆಟ್ಟಿಗೆ ಕೈ ಹಾಕಹೊರಟವನು ಹಿಂದೆ ಸರಿದು, ಅದು ತುಂಬುವ ತನಕ ಕಾದು, ಎರಡನ್ನೂ ಸೇರಿಸಿ ತೆಗೆದೆ.