ಬೇಲಿಯ ಆಚೆ ಇನ್ನೊಬ್ಬ ಕೋಚ್

ಟೆನಿಸ್ ಕೋಚಿಂಗ್ ಒಂಟಿ ಕೆಲಸ. ಪಕ್ಕದಲ್ಲಿ ಬಾಲ್ ಬಾಸ್ಕೆಟ್, ಎದುರಿಗೆ ಮಕ್ಕಳ ಸಾಲು, ನಡುವೆ ನಾವೊಬ್ಬರೇ. ಹೇಳಿದ್ದಕ್ಕೆಲ್ಲ ತಲೆಯಾಡಿಸುವವರೇ ಜಾಸ್ತಿ. ಸರ್ಟಿಫಿಕೇಟ್ ಕೈಗೆ ಬಂದ ಮೇಲಂತೂ ನಮ್ಮ ಪಾಠ ನೋಡಿ 'ಇದನ್ನ ಯಾಕೆ ಹೀಗೆ ಮಾಡಿಸ್ತೀರಿ' ಅಂತ ಕೇಳುವವರೇ ಇರುವುದಿಲ್ಲ. ಅದಕ್ಕೇ ನಾವು ಕೆಲವು ಕೋಚ್‌ಗಳು ಸೇರಿ ಒಂದು ರೂಢಿ ಮಾಡಿಕೊಂಡೆವು. ಒಬ್ಬರ ಕ್ಲಾಸಿಗೆ ಇನ್ನೊಬ್ಬರು ಬಂದು, ಬೇಲಿಯ ಆಚೆ ನಿಂತು ನೋಡುವುದು.

ಬಂದವರು ಕ್ಲಾಸ್ ಮುಗಿಯುವವರೆಗೆ ಬಾಯಿ ಬಿಡುವಂತಿಲ್ಲ. ಒಂದು ಮಗುವನ್ನು ಆರಿಸಿಕೊಂಡು ಬರೆಯುತ್ತಾ ಹೋಗಬೇಕು: ಹತ್ತು ನಿಮಿಷದಲ್ಲಿ ಎಷ್ಟು ಚೆಂಡು ಹೊಡೆಯಿತು, ಎಷ್ಟು ಹೊತ್ತು ಸಾಲಿನಲ್ಲಿ ಸುಮ್ನೆ ನಿಂತಿತ್ತು, ಕೋಚ್ ಎಷ್ಟು ಸಲ ಆಟ ನಿಲ್ಲಿಸಿ ಭಾಷಣ ಮಾಡಿದರು. ಅಭಿಪ್ರಾಯ ಬೇಡ, ಲೆಕ್ಕ ಸಾಕು. ಅಭಿಪ್ರಾಯ ಹೇಳಿದರೆ ಮುನಿಸು ಬರುತ್ತದೆ. ಲೆಕ್ಕದ ಮೇಲೆ ಮುನಿಸಿಕೊಳ್ಳುವುದು ಕಷ್ಟ, ಅಲ್ವಾ?

ಆ ಲೆಕ್ಕ ನೋಡಿದ ಮೇಲೆ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸುವ ಪದ್ಧತಿಯೇ ಹೋಯಿತು; ಕೋರ್ಟನ್ನೇ ಭಾಗ ಮಾಡಿದೆವು. ಪೂರ್ತಿ ಕೋರ್ಟಿನ ಉದ್ದ 23.77 ಮೀಟರ್, ಡಬಲ್ಸ್ ಗೆರೆ ಸೇರಿಸಿ ಅಗಲ 10.97 ಮೀಟರ್. ರೆಡ್ ಬಾಲ್, ಅಂದರೆ ನಿಧಾನವಾಗಿ ಬರುವ ಕೆಂಪು ಚೆಂಡಲ್ಲಿ ಆಡುವ ಪುಟ್ಟ ಮಕ್ಕಳಿಗೆ ಸುಮಾರು 11 ಮೀಟರ್ ಉದ್ದ, ಐದಾರು ಮೀಟರ್ ಅಗಲದ ಜಾಗ ಸಾಕು. ಅಂದರೆ ಅಡ್ಡಲಾಗಿ ಆಡಿಸಿದರೆ ನೆಟ್‌ನ ಈ ಕಡೆ ಎರಡು, ಆ ಕಡೆ ಎರಡು, ಒಟ್ಟು ನಾಲ್ಕು ಕೋರ್ಟ್ ಸಿಗುತ್ತವೆ. ನಡುವಿನ ಸರ್ವಿಸ್ ಗೆರೆಯ ನೇರಕ್ಕೆ 80 ಸೆಂಟಿಮೀಟರ್ ಎತ್ತರದಲ್ಲಿ ಒಂದು ರಿಬ್ಬನ್ ಕಟ್ಟಿದರೆ ನೆಟ್ ರೆಡಿ. ಎಂಟು ಮಕ್ಕಳು ಒಟ್ಟಿಗೆ ರ್‍ಯಾಲಿ ಆಡುತ್ತಾರೆ.

ಕಷ್ಟ ಬರುವುದು ಅಪ್ಪ ಅಮ್ಮಂದಿರ ಕಡೆಯಿಂದ. 'ನಮ್ಮ ಮಗ ಹಳದಿ ಚೆಂಡಿಗೆ ಯಾವಾಗ ಹೋಗ್ತಾನೆ?' ಕೆಂಪು ಚೆಂಡು ಮಾಮೂಲಿ ಹಳದಿಗಿಂತ 75% ನಿಧಾನ, ಆರೆಂಜ್ 50%, ಹಸಿರು 25%. ಹತ್ತು ವರ್ಷದೊಳಗಿನವರ ಸ್ಪರ್ಧೆಗಳಲ್ಲಿ ಮಾಮೂಲಿ ಹಳದಿ ಚೆಂಡು ಬೇಡ ಅಂತ ಅಂತಾರಾಷ್ಟ್ರೀಯ ಟೆನಿಸ್ ಫೆಡರೇಷನ್ 2012ರಲ್ಲೇ ನಿಯಮ ತಂದಿದೆ. ಹೀಗೆ ಎಷ್ಟೇ ವಿವರಿಸಿದರೂ, ಇನ್ನೊಂದು ಕಡೆ ಯಾರೋ 'ನಾವು ಮೊದಲ ದಿನದಿಂದಲೇ ಹಳದಿ ಚೆಂಡಲ್ಲಿ ಆಡಿಸ್ತೀವಿ' ಅಂದರೆ ಮಗು ಅಲ್ಲಿಗೆ ಹೊರಟಿತು. ಕೋಚ್‌ಗಳು ಒಂದೇ ಮಾತು ಆಡದಿದ್ದರೆ ಈ ವಿಷಯದಲ್ಲಿ ಯಾರೂ ಒಬ್ಬರೇ ಗೆಲ್ಲಲಾಗುವುದಿಲ್ಲ. ಈಗ ನಮ್ಮಲ್ಲಿ ಯಾರನ್ನು ಕೇಳಿದರೂ ಉತ್ತರ ಒಂದೇ: ಆರೆಂಜ್ ಚೆಂಡಲ್ಲಿ ಸರ್ವ್ ಹಾಕಿ, ವಾಪಸ್ ಬಂದ ಚೆಂಡಿಗೆ ಪಾಯಿಂಟ್ ಆಡಲು ಬರಲಿ, ಆಮೇಲೆ ಮಾತಾಡೋಣ.

ನನಗೆ ಈ ಬಳಗದಿಂದ ಸಿಕ್ಕ ದೊಡ್ಡ ಲಾಭ ಸರ್ವ್ ಕಲಿಸುವುದರಲ್ಲಿ. ಒಬ್ಬ ಹುಡುಗಿ ಸರ್ವ್‌ಗೂ ಫೋರ್‌ಹ್ಯಾಂಡ್ ಗ್ರಿಪ್ಪನ್ನೇ ಹಿಡಿಯುತ್ತಿದ್ದಳು. ಕಾಂಟಿನೆಂಟಲ್ ಗ್ರಿಪ್‌ಗೆ, ಅಂದರೆ ಸುತ್ತಿಗೆ ಹಿಡಿದ ಹಾಗೆ ರಾಕೆಟ್ ಹಿಡಿಯುವ ಹಿಡಿತಕ್ಕೆ, ತಿರುಗಿಸಿ ಕೊಟ್ಟರೆ ಒಂದೆರಡು ಚೆಂಡು ಹೊಡೆದು ಮತ್ತೆ ಹಳೇ ಹಿಡಿತಕ್ಕೆ ಜಾರುತ್ತಿದ್ದಳು. ಬೇಲಿಯ ಆಚೆಯಿಂದ ನೋಡಿದ ಹಿರಿಯ ಕೋಚ್ ಒಬ್ಬರು ಆಮೇಲೆ ಹೇಳಿದರು: 'ಅವಳು ಮರೀತಿಲ್ಲಪ್ಪಾ. ಹೊಸ ಗ್ರಿಪ್ಪಲ್ಲಿ ಹೊಡೆದಾಗ ಚೆಂಡು ಎಡಕ್ಕೆ ಹೋಗ್ತಿದೆ. ಅದಕ್ಕೇ ಬಿಟ್ಟುಬಿಡ್ತಾಳೆ.' ನೋಡಿದರೆ ಹೌದು. ಬಲಗೈ ಆಟಗಾರರು ಈ ಗ್ರಿಪ್ ಹಿಡಿದು, ಮುಂಗೈಯನ್ನು ಹೊರಕ್ಕೆ ತಿರುಗಿಸದೆ ಹೊಡೆದರೆ ಚೆಂಡು ಎಡಕ್ಕೇ ಹೋಗುವುದು. ಗ್ರಿಪ್ ಮತ್ತು ಮುಂಗೈ ತಿರುವು ಎರಡನ್ನೂ ಒಟ್ಟಿಗೇ ಕಲಿಸಬೇಕು.

ಅವರು ತೋರಿಸಿದ ಕ್ರಮವನ್ನೇ ಈಗಲೂ ಮಾಡಿಸುತ್ತೇನೆ. ಮೊದಲು ರಾಕೆಟ್ಟಿನ ಅಂಚಿನಿಂದ, ಸುತ್ತಿಗೆಯಲ್ಲಿ ಮೊಳೆ ಹೊಡೆದ ಹಾಗೆ, ಚೆಂಡನ್ನು ನೆಲಕ್ಕೆ ಕುಟ್ಟುವುದು. ಕೈ ತಾನಾಗೇ ಕಾಂಟಿನೆಂಟಲ್‌ಗೆ ಬರುತ್ತದೆ. ಆಮೇಲೆ ನೆಟ್‌ನಿಂದ 6.40 ಮೀಟರ್ ದೂರದ ಸರ್ವಿಸ್ ಗೆರೆಯಲ್ಲಿ ನಿಲ್ಲಿಸಿ, ರಾಕೆಟ್ಟಿನ ಹಿಡಿಯನ್ನು ಸ್ವಲ್ಪ ಮೇಲಕ್ಕೆ ಹಿಡಿಸುತ್ತೇನೆ. ಅಂಚು ಮುಂದಾಗಿ ಮೇಲೇರಬೇಕು, ಚೆಂಡಿಗೆ ತಾಗುವ ಕೊನೇ ಕ್ಷಣಕ್ಕೆ ಅಂಗೈ ಹೊರಕ್ಕೆ ತಿರುಗಬೇಕು. ಚೆಂಡು ಎಲ್ಲಿ ಬಿತ್ತು ಅಂತ ಕೇಳುವುದೇ ಇಲ್ಲ. ಹೊಡೆದಾದ ಮೇಲೆ ಹೆಬ್ಬೆರಳು ಕೆಳಗೆ ನೋಡುತ್ತಿದೆಯಾ, ಅಷ್ಟೇ. ಅದು ಕೂತ ಮೇಲೆ ಒಂದೊಂದೇ ಹೆಜ್ಜೆ ಹಿಂದಕ್ಕೆ. ಗ್ರಿಪ್ ಜಾರಿತೋ, ಮತ್ತೆ ಮುಂದಕ್ಕೆ ಬಾ.

ಟಾಸ್, ಅಂದರೆ ಸರ್ವ್‌ಗೆ ಚೆಂಡನ್ನು ಮೇಲಕ್ಕೆ ಎಸೆಯುವ ವಿಷಯದಲ್ಲಿ ಮಾತ್ರ ನಮಗೆ ಇನ್ನೂ ಒಮ್ಮತ ಇಲ್ಲ. ಟಾಸ್ ಮೊದಲು ಸರಿಮಾಡಿ ಅನ್ನುವವರಿದ್ದಾರೆ. ಕೈಯ ಲಯ ಬರುವವರೆಗೆ ಟಾಸ್ ಮುಟ್ಟಬೇಡಿ ಅಂತ ನಾನು ವಾದಿಸುತ್ತೇನೆ.

ಇಷ್ಟೆಲ್ಲ ನಡೆಯಬೇಕಾದರೆ ಒಬ್ಬರ ಮಕ್ಕಳನ್ನು ಇನ್ನೊಬ್ಬರು ಸೆಳೆದುಕೊಳ್ಳುತ್ತಾರೆ ಅನ್ನುವ ಭಯ ಹೋಗಬೇಕು. ಬೇರೆಯವರ ಶಿಷ್ಯರಿಗೆ ನೇರವಾಗಿ ಸಲಹೆ ಕೊಡಬಾರದು, ಕೋಚ್‌ಗೇ ಹೇಳಬೇಕು. ಒಂದು ಮಗು ಕೋಚ್ ಬದಲಾಯಿಸಿದರೆ ಹೊಸಬರು ಹಳಬರಿಗೆ ಫೋನ್ ಮಾಡಬೇಕು. ಸೌಜನ್ಯಕ್ಕಷ್ಟೇ ಅಲ್ಲ. ಸರ್ವ್ ಹಾಕುವಾಗ ಆ ಮಗುವಿಗೆ ಸೊಂಟ ನೋವಿತ್ತು, ಡಾಕ್ಟರು ನಿಲ್ಲಿಸಲು ಹೇಳಿದ್ದರು ಅನ್ನುವಂಥದ್ದು ಆ ಫೋನಲ್ಲೇ ಗೊತ್ತಾಗುವುದು.

ಆಗಾಗ ಎಲ್ಲರ ಮಕ್ಕಳನ್ನೂ ಸೇರಿಸಿ ಏಳು ಪಾಯಿಂಟಿನ ಪುಟ್ಟ ಆಟ, ಅಂದರೆ ಟೈಬ್ರೇಕ್, ಆಡಿಸುತ್ತೇವೆ. ದಿನಾ ಅದೇ ಜೊತೆಗಾರರ ಎದುರು ಆಡಿದರೆ ಅವರ ಚೆಂಡು ಮಾತ್ರ ಅಭ್ಯಾಸವಾಗುತ್ತದೆ. ಸ್ಕೋರ್ ಮಕ್ಕಳೇ ಹೇಳಬೇಕು, ಚೆಂಡು ಗೆರೆಯ ಒಳಗೋ ಹೊರಗೋ ಅನ್ನುವ ತೀರ್ಪೂ ಅವರದೇ. 2025ರ ಜನವರಿಯಿಂದ ಕೋರ್ಟಿನ ಹೊರಗಿಂದ ಆಟಗಾರರಿಗೆ ಸಲಹೆ ಕೊಡಲು ಟೆನಿಸ್ ನಿಯಮದಲ್ಲೇ ಅವಕಾಶ ಬಂದಿದೆ, ನಿಜ. ಆದರೆ ಈ ಆಟಗಳಲ್ಲಿ ನಾವು ತುಟಿ ಬಿಚ್ಚುವುದಿಲ್ಲ. ಬಿಚ್ಚಬೇಕು ಅನ್ನಿಸುತ್ತದೆ, ತುಂಬಾ. ಅದಕ್ಕೇ ತಮ್ಮ ಶಿಷ್ಯರು ಆಡುವ ಕೋರ್ಟಿನ ಹತ್ತಿರ ಯಾರೂ ನಿಲ್ಲಬಾರದು ಅಂತ ಇನ್ನೊಂದು ನಿಯಮ ಸೇರಿಸಿಕೊಂಡಿದ್ದೇವೆ.