ಊರಿಗೆ ತಂದ ಆಫೀಸ್ ಲ್ಯಾಪ್‌ಟಾಪ್ ನಿಧಾನವಾದರೆ ಹೀಗೆ ಮಾಡಿ

ಕಾಫಿ ಕೊಯ್ಲಿನ ಹೊತ್ತಿಗೆ ನಾನು ಒಂದು ತಿಂಗಳು ಸಕಲೇಶಪುರದ ಹತ್ತಿರದ ನಮ್ಮ ಮನೆಯಿಂದಲೇ ಕೆಲಸ ಮಾಡುತ್ತೇನೆ. ಬೆಂಗಳೂರಿನ ಆಫೀಸಿನಲ್ಲಿ ಚುರುಕಾಗಿದ್ದ ಲ್ಯಾಪ್‌ಟಾಪ್ ಇಲ್ಲಿಗೆ ಬಂದ ಕೂಡಲೇ ಮೊಂಡು ಹಿಡಿಯುತ್ತಿತ್ತು. ಫೋಲ್ಡರ್ ತೆರೆದರೆ ಮೇಲೆ ಹಸಿರು ಗೆರೆ ತೆವಳುತ್ತಾ ಹೋಗಿ, ಕೊನೆ ಮುಟ್ಟುವ ಮೊದಲೇ ನಿಂತುಬಿಡುತ್ತಿತ್ತು. "ಲೈನೇ ಸರಿ ಇಲ್ಲ ಅಂತ ಕಾಣುತ್ತೆ ಮಗಳೇ, ಫೈಬರಿನವರಿಗೆ ಹೇಳಲಾ?" ಎಂದು ಅಪ್ಪ ಕಣದಿಂದಲೇ ಕೇಳಿದರು. ಆದರೆ ಅದೇ ವೈಫೈಯಲ್ಲಿ ಅಮ್ಮನ ಫೋನಿನ ವಿಡಿಯೋ ಸಲೀಸಾಗಿ ಓಡುತ್ತಿತ್ತು.

ನಿಮಗೂ ಹೀಗಾದರೆ ಮೊದಲು ವೈಫೈ ಪೂರ್ತಿ ಆಫ್ ಮಾಡಿ, ಅದೇ ಫೋಲ್ಡರ್ ತೆರೆಯಿರಿ. ಆಗಲೂ ನಿಧಾನವಾದರೆ ತೊಂದರೆ ಹೆಚ್ಚಾಗಿ ಲ್ಯಾಪ್‌ಟಾಪಿನ ಒಳಗೇ ಇರುತ್ತದೆ. ತಟ್ಟನೆ ತೆರೆದರೆ, ನೆಟ್ ಇದ್ದಾಗ ಅದು ಆಫೀಸಿನ ಸರ್ವರನ್ನು ಹುಡುಕುತ್ತಿರಬಹುದು. ನೆಟ್ ಇಲ್ಲದಿದ್ದರೆ ವಿಂಡೋಸ್ ಹುಡುಕಾಟ ಬೇಗ ಕೈಬಿಡುತ್ತದೆ. ನೆಟ್ ಇದ್ದರೆ ಆಫೀಸಿನ ಸರ್ವರನ್ನು ಕರೆದು, ಬಾರದ ಉತ್ತರಕ್ಕೆ ಕಾಯುತ್ತಾ ಕೂರುತ್ತದೆ.

ನನ್ನದರಲ್ಲಿ ಕಾದು ಕೂತಿದ್ದು ಝಡ್ ಡ್ರೈವ್. ಅದು ಆಫೀಸ್ ಸರ್ವರಿನ ಫೋಲ್ಡರ್, ಹೊರಗಿನ ನೆಟ್‌ನಿಂದ ಸಿಗುವುದಿಲ್ಲ. 'ದಿಸ್ ಪಿಸಿ' ತೆರೆದು ಇಂಥ ಡ್ರೈವ್‌ಗಳ ಮೇಲೆ ಕೆಂಪು ಗುರುತು ಇದೆಯಾ ನೋಡಿ. ಅದರ ವಿಳಾಸವನ್ನು ಮೊದಲು ಬರೆದಿಟ್ಟುಕೊಳ್ಳಿ, ಇದನ್ನು ಮರೆಯಲೇಬೇಡಿ. ಆಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್‌ಕನೆಕ್ಟ್ ಕೊಡಿ. ಒಳಗಿನ ಫೈಲ್‌ಗಳು ಅಳಿಸಿಹೋಗುವುದಿಲ್ಲ, ಹೆದರಬೇಡಿ. ಕೆಲಸಕ್ಕೆ ಬೇಕಾದಾಗ ಮೊದಲು ವಿಪಿಎನ್ (ಹೊರಗಿನಿಂದ ಆಫೀಸ್ ನೆಟ್‌ವರ್ಕಿಗೆ ಸೇರಿಸುವ ಸುರಕ್ಷಿತ ದಾರಿ) ಹಾಕಿ, ಆಮೇಲೆ ಡ್ರೈವ್ ಮತ್ತೆ ಸೇರಿಸಿ. ಸೇರಿಸುವಾಗ 'ರೀಕನೆಕ್ಟ್ ಅಟ್ ಸೈನ್ ಇನ್' ಎಂಬ ಕಡೆ ಟಿಕ್ ತೆಗೆಯಿರಿ. ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಮತ್ತೆ ಅದೇ ಕಥೆ. ಎಡಗಡೆಯ ಕ್ವಿಕ್ ಆಕ್ಸೆಸ್‌ನಲ್ಲಿ ಆಫೀಸ್ ಫೋಲ್ಡರ್ ಪಿನ್ ಮಾಡಿದ್ದರೆ ಅದನ್ನೂ ಬಿಡಿಸಿ.

ವರ್ಡ್ ಮಾತ್ರ ತೆರೆಯಲು ತಡವಾಗುತ್ತಾ? ಡೀಫಾಲ್ಟ್ ಪ್ರಿಂಟರ್ ನೋಡಿ. ಆಫೀಸಿನ ಪ್ರಿಂಟರ್ ಇದ್ದರೆ 'ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್' ಅನ್ನು ಡೀಫಾಲ್ಟ್ ಮಾಡಿ. ಪ್ರಿಂಟರನ್ನೂ ವರ್ಡ್ ಹುಡುಕುತ್ತದೆ ಎಂದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ.

ವಿಪಿಎನ್ ಹಾಕಿದ ಮೇಲೆ ಮಾತ್ರ ನಿಧಾನವಾದರೆ ದಾರಿ ಬೇರೆ. ನಿಮ್ಮ ಎಲ್ಲ ಟ್ರಾಫಿಕ್ ಆಫೀಸ್ ಸುತ್ತಿ ಬರುತ್ತಿರಬಹುದು. ಲಾಗಿನ್ ಆಗುತ್ತದೆ, ಸಣ್ಣ ಪುಟ ಬರುತ್ತದೆ, ದೊಡ್ಡ ಫೈಲ್ ಮಾತ್ರ ನೇತುಬೀಳುತ್ತದೆ ಎಂದರೆ ಎಂಟಿಯು (ಒಂದು ಸಲಕ್ಕೆ ಹೋಗುವ ಡೇಟಾ ತುಂಡಿನ ಗರಿಷ್ಠ ಗಾತ್ರ) ಮೇಲೆ ಸಂಶಯ ಪಡಿ. ಸಾಮಾನ್ಯವಾಗಿ ಅದು 1500 ಬೈಟ್, ಯೂಸರ್‌ನೇಮ್ ಹಾಕುವ ಪಿಪಿಪಿಒಇ ಲೈನಿನಲ್ಲಿ 1492. ವಿಪಿಎನ್ ಸೇರಿದರೆ ಇನ್ನೂ ಕಮ್ಮಿ. ಇದನ್ನೂ ಪ್ರಾಕ್ಸಿ (ನೆಟ್‌ಗೆ ಹೋಗುವ ದಾರಿಯ ನಡುವಿನ ಸರ್ವರ್) ಸೆಟ್ಟಿಂಗನ್ನೂ ನೀವೇ ಮುಟ್ಟಬೇಡಿ, ಐಟಿಯವರಿಗೆ ಬಿಡಿ.

ಕರೆಂಟ್ ಹೋಗಿ ಫೋನಿನ ಹಾಟ್‌ಸ್ಪಾಟ್ ಹಿಡಿದರೆ, ವಿಂಡೋಸ್ ಸೆಟ್ಟಿಂಗಿನಲ್ಲಿ ಆ ನೆಟ್‌ವರ್ಕನ್ನು 'ಮೀಟರ್ಡ್' (ಡೇಟಾ ಮಿತಿ ಇರುವುದು) ಮಾಡಿ. ವಿಂಡೋಸಿನ ದೊಡ್ಡ ಅಪ್‌ಡೇಟ್‌ಗಳು ಹೆಚ್ಚಾಗಿ ನಿಲ್ಲುತ್ತವೆ.

ಐಟಿಯವರಿಗೆ ಸುಮ್ನೆ 'ಸ್ಲೋ ಇದೆ' ಎಂದು ಬರೆದರೆ ಉಪಯೋಗ ಕಮ್ಮಿ. ನಾನು ಹೀಗೆ ಬರೆದೆ: "ವೈಫೈ ಆಫ್ ಇದ್ದಾಗ ಫೋಲ್ಡರ್ 2 ಸೆಕೆಂಡಿಗೆ ತೆರೆಯುತ್ತದೆ, ಮನೆಯ ವೈಫೈಯಲ್ಲಿ 40 ಸೆಕೆಂಡ್, ಝಡ್ ಡ್ರೈವ್ ತೆಗೆದರೆ ಮತ್ತೆ 2." ಅರ್ಧ ಗಂಟೆಯಲ್ಲೇ ಫೋನ್ ಬಂತು.